ಅವ್ವನ ಕಥೆ ಹೇಳಿ ನಗಿಸಿದ ವರ್ಷಗಳು

ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ಮೊದಲ ಸಲ ನಕ್ಕದ್ದು ನಮ್ಮವ್ವನ ರೊಟ್ಟಿಗೆ.

ಆಗ ನಾನು ಕೊಟ್ಟೂರು ಕಡೆಯ ಒಂದು ಪದವಿ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಸೇರಿ ಎರಡು ತಿಂಗಳಾಗಿತ್ತು. ಅರ್ಥಶಾಸ್ತ್ರ ನನ್ನ ವಿಷಯ. ಬೆಳಗಿನ ಪೀರಿಯಡ್ಡುಗಳನ್ನು ಕಾಯಂ ನೌಕರಿಯವರು ಹಂಚಿಕೊಂಡು, ಊಟದ ನಂತರದ್ದನ್ನು ನನ್ನಂಥವರಿಗೆ ಬಿಟ್ಟಿದ್ದರು. ತಗಡಿನ ಕೊಠಡಿ. ಎರಡು ಗಂಟೆಯ ಹೊತ್ತಿಗೆ ಒಳಗೆ ಕೂತವರ ಬೆನ್ನು ಬೆವರಿ ಅಂಗಿ ಅಂಟುತ್ತಿತ್ತು. ಹಾಜರಿ ಪುಸ್ತಕದಲ್ಲಿದ್ದ ಅರವತ್ತು ಮಂದಿಯಲ್ಲಿ ಇಪ್ಪತ್ತು ಜನ ಬಂದರೆ ಹೆಚ್ಚು. ಬಂದವರಲ್ಲಿ ಕೆಲವರು ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು, ಉಳಿದವರು ಬೆಂಚಿನ ಕೆಳಗೆ ಮೊಬೈಲ್ ಹಿಡಿದಿರುತ್ತಿದ್ದರು. ನಾನು ಕರಿಹಲಗೆಗೆ ಮುಖ ಮಾಡಿ ರೇಖಾಚಿತ್ರ ಬರೆದು, ಆ ಹಲಗೆಗೇ ಪಾಠ ಹೇಳಿ ಬರುತ್ತಿದ್ದೆ.

ಹೊಸಬರಿಗೆಂದು ವಿಶ್ವವಿದ್ಯಾಲಯದವರು ಎರಡು ದಿನದ ತರಬೇತಿ ಇಟ್ಟಿದ್ದರು. ಅಲ್ಲಿಗೆ ಬಂದಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕರು ಒಂದಿಡೀ ಮಧ್ಯಾಹ್ನ ಪಾಠದಲ್ಲಿ ಹಾಸ್ಯದ ಬಗ್ಗೆಯೇ ಮಾತಾಡಿದರು. ಮಕ್ಕಳು ನಕ್ಕರೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದರೆ ಪಾಠ ಒಳಗೆ ಇಳಿಯುತ್ತದೆ ಎಂದರು. "ಆದರೆ ವಿದ್ಯಾರ್ಥಿಯನ್ನು ಗೇಲಿ ಮಾಡಬೇಡಿ. ಅವರ ಬಣ್ಣ, ಬಟ್ಟೆ, ಜಾತಿ, ಊರು ಯಾವುದನ್ನೂ ಮುಟ್ಟಬೇಡಿ. ನಗಲೇಬೇಕೆಂದರೆ ನಿಮ್ಮನ್ನು ನೋಡಿ ನೀವೇ ನಗಿ," ಎಂದರು. ನಾನು ಅದನ್ನು ಬರೆದುಕೊಂಡು ಅಡಿಗೆರೆ ಎಳೆದೆ. ಒಳ್ಳೆಯ ಮಾತು. ಈಗಲೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ 'ನಿಮ್ಮನ್ನು' ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇಳಿಮುಖ ಸೀಮಾಂತ ತುಷ್ಟಿಗುಣ ಎಂಬ ನಿಯಮವೊಂದಿದೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಪಡೆಯುತ್ತ ಹೋದರೆ ಪ್ರತಿಸಲ ಸಿಗುವ ತೃಪ್ತಿ ಕಡಿಮೆಯಾಗುತ್ತದೆ, ಅಷ್ಟೇ. ಪುಸ್ತಕದಲ್ಲಿ ಸೇಬುಹಣ್ಣಿನ ಉದಾಹರಣೆ ಇತ್ತು. ಆ ದಿನ ನಾನು ಸೇಬು ಬಿಟ್ಟು ರೊಟ್ಟಿ ಹಿಡಿದೆ.

"ನಾನು ನಮ್ಮೂರು ತೆಲಿಗ್ಯಾಗ ಬಸ್ ಇಳಿದು ಮನಿ ಮುಟ್ಟೋದ್ರಾಗ ಹೊಟ್ಟಿ ಕರಕರ ಅಂತಿರತೈತಿ. ಮೊದಲನೇ ರೊಟ್ಟಿಗೆ ಜೀವ ಬರತೈತಿ. ಎರಡನೇದಕ್ಕ ಕಣ್ಣು ಕಾಣಸ್ತಾವ. ಮೂರನೇದಕ್ಕ ಸಾಕಪ್ಪ ಅನಸ್ತೈತಿ. ಐದನೇದಕ್ಕ ಕಣ್ಣಾಗ ನೀರು. ಆದ್ರ ನಮ್ಮವ್ವ ಅರ್ಥಶಾಸ್ತ್ರ ಓದಿಲ್ಲ ನೋಡ್ರಿ. 'ಏ, ತಿನ್ನಲೇ, ಇದು ಸಣ್ಣದೈತಿ' ಅಂತ ಆರನೇದು ತಾಟಿಗೆ ಒಗದಬಿಡ್ತಾಳ."

ಮಲಗಿದ್ದವರು ತಲೆ ಎತ್ತಿದರು. ನಗು ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಹೋಯಿತು. ಆ ನಿಯಮವನ್ನು ಆ ವರ್ಷ ಪರೀಕ್ಷೆಯಲ್ಲಿ ತಪ್ಪು ಬರೆದವರು ಯಾರೂ ಇರಲಿಲ್ಲ. ಕೆಲವರು ಉತ್ತರ ಪತ್ರಿಕೆಯಲ್ಲೂ ರೊಟ್ಟಿಯ ಉದಾಹರಣೆಯನ್ನೇ ಬರೆದಿದ್ದರು.

ಅಂದು ಸಂಜೆ ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಇನ್ನೂರು ಮಕ್ಕಳ ಅನ್ನ ಸಾರು ಇಳಿಸಿ ಬಂದು, ಅರಿವೆಯಲ್ಲಿ ಕೈ ಒರೆಸಿಕೊಳ್ಳುತ್ತ ಕೂತಿದ್ದಳು. ಕೇಳಿ ಅವಳಿಗೆ ಬಹಳ ಹಿಗ್ಗಾಯಿತು. ಮರುದಿನ ಜೊತೆಯ ಅಡುಗೆಯವರ ಮುಂದೆ, "ನನ್ನ ರೊಟ್ಟಿ ಕಾಲೇಜಿನ ಪಾಠದಾಗ ಬಂದೈತಂತ್ರೇ" ಎಂದು ಹೇಳಿಕೊಂಡು ಬಂದಳು.

ಅಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ.

ನಗುವಿನ ರುಚಿ ಹತ್ತಿದ ಮೇಲೆ ಅದು ವಾರವಾರಕ್ಕೂ ಬೇಕೆನಿಸತೊಡಗಿತು. ನಾನು ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಹುಡುಗರು, "ಸರ್, ಇವತ್ತು ಅವ್ವ ಏನಂದ್ಲು?" ಎಂದು ಕೇಳುತ್ತಿದ್ದರು. ಅವ್ವ ಪಾಪ ಏನನ್ನುತ್ತಾಳೆ? ದಿನವೂ ನಗುವಂಥದ್ದನ್ನು ಹೇಳುವ ಹೆಂಗಸಲ್ಲ ಅವಳು. ಹಾಗಾಗಿ ನಾನೇ ಅವಳ ಬಾಯಿಗೆ ಮಾತು ಹಾಕತೊಡಗಿದೆ. "ಜಿಎಸ್‌ಟಿ ಅಂದ್ರ ಯಾವ ಊರಿನ ಬಸ್ಸಲೇ?" ಎಂದು ಅವಳು ಎಂದೂ ಕೇಳಿರಲಿಲ್ಲ. ಹಣದುಬ್ಬರ ಎಂದರೆ ಹೊಟ್ಟೆ ಉಬ್ಬರ ಎಂದು ತಿಳಿದು ಓಮಿನ ಕಷಾಯ ಕಾಯಿಸಿ ಕೊಟ್ಟಿರಲಿಲ್ಲ. ನನ್ನ ತರಗತಿಯ ಅವ್ವ ಬರಬರುತ್ತ ದಡ್ಡಿಯೂ ಜಗಳಗಂಟಿಯೂ ಜಿಪುಣಿಯೂ ಆದಳು. ಮನೆಯ ಅವ್ವ ಈ ಮೂರೂ ಅಲ್ಲ.

ಕೊಠಡಿ ತುಂಬಿತು. ಇತಿಹಾಸದ ಹುಡುಗರು ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಹಗರಿಬೊಮ್ಮನಹಳ್ಳಿಯ ಇನ್ನೊಂದು ಕಾಲೇಜಿನವರು ವಾರಕ್ಕೆ ಎರಡು ದಿನ ಬನ್ನಿ ಎಂದು ಕರೆದರು. ಪ್ರಾಂಶುಪಾಲರು ಒಮ್ಮೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಹಾಜರಾತಿ ಅಂದ್ರ ಇವರನ್ನ ನೋಡಿ ಕಲೀರಿ," ಎಂದಾಗ ನನ್ನ ಎದೆ ಅಗಲವಾಯಿತು. ಕಾಯಂ ನೌಕರಿಯವರ ಮುಂದೆ ಅತಿಥಿಗೆ ಅಂಥ ಮಾತು ಸಿಗುವುದು ಅಪರೂಪ.

ಒಂದು ಮಾತನ್ನು ಇಲ್ಲಿ ಹೇಳಬೇಕು. ನಾನು ಬೆಳೆದದ್ದು ಊರಾಚೆಯ ಕಾಲೋನಿಯಲ್ಲಿ. ಆ ಕಾಲೋನಿಯ ಬಗ್ಗೆ ನಾನು ತರಗತಿಯಲ್ಲಿ ಒಂದು ಸಲವೂ ತಮಾಷೆ ಮಾಡಲಿಲ್ಲ. ಹಾಗೆ ಮಾಡಿದರೆ ನಗು ಬರುವುದಿಲ್ಲ, ಎಲ್ಲರೂ ಸುಮ್ಮನಾಗುತ್ತಾರೆ, ಆಮೇಲೆ ನನ್ನನ್ನು ನೋಡುವ ರೀತಿ ಬದಲಾಗುತ್ತದೆ ಎಂದು ಗೊತ್ತಿತ್ತು. ಎಲ್ಲಿ ನನಗೆ ನೋವಾಗುತ್ತದೆ ಎಂಬ ಲೆಕ್ಕ ಅಷ್ಟು ಸರಿಯಾಗಿ ಇಟ್ಟಿದ್ದೆ. ಅವ್ವನ ವಿಷಯದಲ್ಲಿ ಮಾತ್ರ ಆ ಎಚ್ಚರ ಬೇಕೆನಿಸಲಿಲ್ಲ. ಅವಳು ತರಗತಿಯಲ್ಲಿ ಇರುತ್ತಿರಲಿಲ್ಲವಲ್ಲ.

ಇನ್ನು ಸಹಿಯ ವಿಷಯ.

ನಾನು ಪಿಯುಸಿ ಓದುವಾಗ ಅವ್ವ ಸಾಕ್ಷರತೆಯ ತರಗತಿಗೆ ಹೋಗಿ ತನ್ನ ಹೆಸರು ಬರೆಯಲು ಕಲಿತಳು. ನಾಲ್ಕಕ್ಷರದ ಹೆಸರು, ಮೂರನೆಯದಕ್ಕೆ ಒತ್ತಕ್ಷರ. ಆ ಒತ್ತನ್ನು ಕೆಳಗೆ ಇಳಿಸಿ ಬರೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದಳು, ಮುಗಿದ ಮೇಲೆ ಬಿಡುತ್ತಿದ್ದಳು. ಒಲೆಯ ಮುಂದೆ ಕೂತು ಇದ್ದಿಲಿನಿಂದ ನೆಲದ ಮೇಲೆ ಬರೆದು ಬರೆದು ಒರೆಸುತ್ತಿದ್ದಳು. ಆ ವರ್ಷ ನನ್ನ ವಿದ್ಯಾರ್ಥಿವೇತನಕ್ಕೆ ಒಂದು ಪ್ರಮಾಣಪತ್ರ ಬೇಕಾಯಿತು. ಅಪ್ಪ ಲಾರಿಯ ಕೆಲಸದ ಮೇಲೆ ಪರವೂರಿನಲ್ಲಿದ್ದ. ಅವ್ವನೇ ಕಚೇರಿಗೆ ಹೋದಳು. ಯಾವ ಕಚೇರಿ ಎಂಬುದು ಬೇಡ. ಗುಮಾಸ್ತ ಇಂಕಿನ ಡಬ್ಬಿ ಮುಂದೆ ತಳ್ಳಿದ. ಅವ್ವ, "ನನಗ ಸಹಿ ಬರತೈತ್ರಿ," ಎಂದು ಪೆನ್ನು ಕೇಳಿದಳು. ಬರೆಯತೊಡಗಿದಳು. ಹಿಂದೆ ಸಾಲು ನಿಂತಿತ್ತು. ಅವನು ಸ್ವಲ್ಪ ಹೊತ್ತು ನೋಡಿ, ಪಕ್ಕದ ಮೇಜಿನವನನ್ನು ಕೂಗಿ ಕರೆದ: "ಬರ್ರಿ ಇಲ್ಲೆ, ನೋಡ್ರಿ. ನಮ್ಮ ರಿಜಿಸ್ಟರಿನ್ಯಾಗ ರಂಗೋಲಿ ಹಾಕಾಕ ಹತ್ಯಾಳ." ಸಾಲಿನಲ್ಲಿದ್ದವರು ನಕ್ಕರು. ಅವ್ವ ಎರಡನೇ ಅಕ್ಷರದ ಮೇಲೆ ಪೆನ್ನು ನಿಲ್ಲಿಸಿ, ಅದನ್ನು ಮೇಜಿನ ಮೇಲಿಟ್ಟು, ಹೆಬ್ಬೆಟ್ಟು ಒತ್ತಿ ಬಂದಳು.

ಇದನ್ನು ಅವಳು ನನಗೊಬ್ಬನಿಗೇ ಹೇಳಿದ್ದು. ಅಪ್ಪನಿಗೆ ಹೇಳಿದರೆ ಕಚೇರಿಗೆ ಹೋಗಿ ಜಗಳ ತೆಗೆಯುತ್ತಾನೆ, ನನ್ನ ಪತ್ರ ನಿಂತುಹೋಗುತ್ತದೆ ಎಂದು ಅವಳ ಹೆದರಿಕೆ. ಹೇಳುವಾಗ ಅಳಲಿಲ್ಲ. ಅಕ್ಕಿ ಆರಿಸುತ್ತಿದ್ದಳು. ಹೇಳಿ ಮುಗಿಸಿ ಮೊರದೊಳಗಿನ ಕಲ್ಲೊಂದನ್ನು ತೆಗೆದು ಹೊರಗೆ ಎಸೆದಳು. ನಾನು ಆಗ ಹದಿನೇಳರ ಹುಡುಗ. ಆ ಗುಮಾಸ್ತನನ್ನು ಹೊಡೆಯಬೇಕೆಂದು ಎಷ್ಟೋ ದಿನ ಮನಸ್ಸಿನಲ್ಲೇ ಕುದಿದೆ. ಅವ್ವನೂ ಹಟ ಬಿಡಲಿಲ್ಲ. ಬಿಸಿಯೂಟದ ಕೆಲಸಕ್ಕೆ ಸೇರಿದ ಮೇಲೆ ಶಾಲೆಯ ಹಾಜರಿ ಪುಸ್ತಕದಲ್ಲಿ ದಿನವೂ ಸಹಿ ಮಾಡುತ್ತಿದ್ದಳು.

ಆ ಹುಡುಗನೇ ಹತ್ತು ಹನ್ನೆರಡು ವರ್ಷದ ನಂತರ ಅವಕಾಶ ವೆಚ್ಚ ಹೇಳಲು ಆ ಕಥೆ ತೆಗೆದ. ಒಂದು ಕೆಲಸಕ್ಕೆ ಸಮಯ ಕೊಟ್ಟರೆ ಇನ್ನೊಂದು ತಪ್ಪುತ್ತದೆ, ತಪ್ಪಿದ್ದೇ ಅದರ ಬೆಲೆ ಎಂಬ ಪಾಠ. "ನಮ್ಮವ್ವ ಒಂದು ಸಹಿ ಮಾಡೋದ್ರಾಗ ಇಡೀ ಕಚೇರಿ ಊಟಕ್ಕ ಎದ್ದು ಹೋಗಿ ಬಂತು. ಸಹಿ ಅಲ್ಲಲೇ ಅದು, ರಂಗೋಲಿ!" ಎಂದೆ. ಗುಮಾಸ್ತನನ್ನು ಕಥೆಯಿಂದ ತೆಗೆದುಹಾಕಿದ್ದೆ. ಅವನ ಮಾತನ್ನು ನಾನೇ ಆಡಿದೆ. ಜನ ಬಿದ್ದು ಬಿದ್ದು ನಕ್ಕರು. ನಗು ಬಂದ ಕ್ಷಣ ಒಳಗೆ ಏನೋ ಚುಚ್ಚಿತು. ಸುಳ್ಳು ಹೇಳುವುದಿಲ್ಲ, ಚುಚ್ಚಿತು. ಆದರೂ ಮುಂದಿನ ವರ್ಷದ ಹೊಸ ಬ್ಯಾಚಿಗೆ ಅದನ್ನೇ ಮತ್ತೆ ಹೇಳಿದೆ, ಇನ್ನಷ್ಟು ಉದ್ದ ಮಾಡಿ. ಹಗರಿಬೊಮ್ಮನಹಳ್ಳಿಯಲ್ಲೂ ಹೇಳಿದೆ. ಮೂರು ವರ್ಷ ಹೇಳಿದೆ.

ಮೂರನೇ ವರ್ಷದ ಕಾಲೇಜು ವಾರ್ಷಿಕೋತ್ಸವಕ್ಕೆ ವಿದ್ಯಾರ್ಥಿಗಳು ಮೆಚ್ಚಿನ ಅಧ್ಯಾಪಕ ಎಂದು ನನ್ನನ್ನು ಆರಿಸಿದರು. ಶಾಲು ಹೊದಿಸುತ್ತಾರಂತೆ. ಅಂತಿಮ ವರ್ಷದ ನಾಲ್ಕೈದು ಮಂದಿ ಬಂದು, "ಸರ್, ಅಮ್ಮನ್ನ ಕರಕೊಂಡು ಬರ್ರಿ, ಒಂದು ಸರ್ಪ್ರೈಸ್ ಐತಿ," ಎಂದರು. ನನಗೆ ಅಳುಕಾಯಿತು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದಕ್ಕಿಂತ, ಅವ್ವ ನನ್ನ ಶಾಲು ನೋಡಲಿ ಎಂಬ ಆಸೆಯೂ ಇತ್ತು.

ಅವ್ವ ಆ ದಿನ ಶಾಲೆಗೆ ರಜೆ ಹಾಕಿದಳು. ಹಸಿರು ಇಳಕಲ್ ಸೀರೆ ಉಟ್ಟಳು. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಒಂದು ಮೊಳ ಮಲ್ಲಿಗೆ ತೆಗೆದುಕೊಂಡಳು. "ನನ್ನ ಏನಾರ ಮಾತಾಡು ಅಂದ್ರ ಏನನ್ಲಿ?" ಎಂದು ಕೇಳಿದಳು. "ಯಾರೂ ಅನ್ನಂಗಿಲ್ಲ ಬಿಡವ್ವ," ಎಂದೆ. ಆದರೂ ದಾರಿಯುದ್ದಕ್ಕೂ ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಒಂದೆರಡು ಮಾತು ಜೋಡಿಸಿಕೊಳ್ಳುತ್ತಿದ್ದಳು.

ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ನಾನು ವೇದಿಕೆಯ ಮೇಲೆ ಪ್ರಾಂಶುಪಾಲರ ಪಕ್ಕದಲ್ಲಿ. ಶಾಲು ಹೊದಿಸಿದಾಗ ಅವಳು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ನಂತರ ನಮ್ಮನ್ನು ಕೆಳಗಿಳಿಸಿ ಕಿರುನಾಟಕ ಶುರು ಮಾಡಿದರು. ಹೆಸರು 'ಸರ್ ಅವ್ವ'. ನೀಲಗುಂದದಿಂದ ಬರುವ ಒಬ್ಬ ಹುಡುಗಿ ಅವ್ವನಾಗಿದ್ದಳು. ಬಿಎ ಕೊನೆಯ ವರ್ಷದವಳು, ಬಹಳ ಚುರುಕು. ಮೊದಲ ದೃಶ್ಯ ರೊಟ್ಟಿಯದು. ಆ ಹುಡುಗಿ ತಾಟಿನ ಮೇಲೆ ರೊಟ್ಟಿ ಎಸೆಯುತ್ತ ಹೋದಾಗ ಅವ್ವ ಬಾಯಿಗೆ ಸೆರಗು ಹಿಡಿದು ಕುಲುಕುಲು ನಕ್ಕಳು. ನನ್ನ ಕಡೆ ತಿರುಗಿ, "ಹಂಗ ಮಾಡ್ತೀನಿ ನಾನು?" ಎನ್ನುವಂತೆ ಹುಬ್ಬು ಹಾರಿಸಿದಳು. ಜಿಎಸ್‌ಟಿಯ ಮಾತಿಗೆ ಅವಳಿಗೆ ಏನೂ ತಿಳಿಯಲಿಲ್ಲ, ಎಲ್ಲರೂ ನಕ್ಕರೆಂದು ಅವಳೂ ನಕ್ಕಳು.

ಮೂರನೆಯದು ಕಚೇರಿ. ಮೇಜಿನ ಹಿಂದೆ ಒಬ್ಬ ಹುಡುಗ. ಎದುರು ಈ ಹುಡುಗಿ. ಪೆನ್ನು ತೆಗೆದುಕೊಂಡು ಬಗ್ಗಿದಳು. ಮೊದಲು ರಿಜಿಸ್ಟರಿನ ಮೇಲೆ, ಆಮೇಲೆ ಮೇಜಿನ ಮೇಲೆ, ಆಮೇಲೆ ನೆಲದ ಮೇಲೆ ಚುಕ್ಕಿ ಇಡುತ್ತ ಹೋದಳು. ಕೊನೆಗೆ ಆ ಹುಡುಗನ ಬಿಳಿ ಅಂಗಿಯ ಬೆನ್ನ ಮೇಲೂ ಗೆರೆ ಎಳೆದಳು. ಅವನು ಎದ್ದು ಕೈ ಮುಗಿದು, "ಅವ್ವಾ, ಸಹಿ ಮಾಡಂದ್ರ ರಂಗೋಲಿ ಹಾಕಾಕ ಹತ್ತಿಯಲ್ಲ!" ಎಂದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಸಿಳ್ಳೆ ಹೊಡೆದರು. ಪ್ರಾಂಶುಪಾಲರು ನನ್ನ ತೊಡೆ ತಟ್ಟಿ, "ಭಾಳ ಚಲೋ ಮಾಡ್ಯಾರ ನೋಡ್ರಿ," ಎಂದು ಕಣ್ಣೊರೆಸಿಕೊಂಡರು.

ನಾನು ಅವ್ವನನ್ನು ನೋಡಿದೆ. ಅವಳ ಮುಖದ ಮೇಲೆ ನಗು ಹಾಗೇ ಇತ್ತು. ಮೊದಲಿದ್ದ ನಗುವೇ, ಅಲ್ಲೇ ನಿಂತುಹೋಗಿತ್ತು. ಬಲಗೈಯನ್ನು ಸೆರಗಿನ ಕೆಳಗೆ ಎಳೆದುಕೊಂಡಿದ್ದಳು. ನನ್ನ ಕಡೆ ತಿರುಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ವಿದ್ಯಾರ್ಥಿಗಳು ಅವಳನ್ನು ಸುತ್ತುವರಿದರು. ಕಾಲಿಗೆ ಬಿದ್ದರು, ಫೋಟೊ ತೆಗೆಸಿಕೊಂಡರು. ಅವರ ಮನಸ್ಸಿನಲ್ಲಿ ಕೆಟ್ಟದ್ದು ಎಳ್ಳಷ್ಟೂ ಇರಲಿಲ್ಲ, ಪ್ರೀತಿಯೇ ಇತ್ತು. ಅವ್ವನ ಪಾತ್ರ ಮಾಡಿದ ಹುಡುಗಿ ಬಣ್ಣ ಒರೆಸಿಕೊಳ್ಳದೆ ಓಡಿ ಬಂದು, ತನ್ನ ನೋಟ್‌ಬುಕ್ ತೆರೆದು ಹಿಡಿದಳು.

"ಅಮ್ಮಾ, ಇದರಾಗ ಒಂದು ಸಹಿ ಮಾಡಿ ಕೊಡ್ರಿ. ನನ್ನ ಹತ್ರ ಇಟ್ಟುಕೊಂತೀನಿ."

ಅವ್ವ ಆ ಪೆನ್ನು ನೋಡಿದಳು. "ನನಗ ಬರಂಗಿಲ್ಲವ್ವ," ಎಂದಳು. "ನಾನು ಹೆಬ್ಬೆಟ್ಟಿನಾಕಿ."

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವಳು ಕಿಟಕಿಯ ಕಡೆ. ಬಸ್ಸು ಕೊಟ್ಟೂರು ದಾಟಿತು. ನನ್ನ ಶಾಲು ಅವಳ ತೊಡೆಯ ಮೇಲಿತ್ತು, ಮಡಿಚಿ ಮಡಿಚಿ ಸಣ್ಣದು ಮಾಡಿದ್ದಳು. ಆಮೇಲೆ ಕೇಳಿದಳು.

"ಆ ಮಾತು ಆ ಹುಡುಗೂರಿಗೆ ಹೆಂಗ ಗೊತ್ತಾತು?"

ನಾನು ಟಿಕೆಟ್ ಮಡಿಚಿ ಜೇಬಿಗಿಟ್ಟೆ.

"ನಾ ನಿನಗ ಒಬ್ಬಗ ಹೇಳಿದ್ದೆ."

"ಪಾಠಕ್ಕಂತ ಹೇಳಿದ್ನವ್ವ. ತಮಾಷಿಗೆ."

"ನೀ ಹೇಳಿದಾಗ ಎಲ್ಲಾರೂ ನಗ್ತಿದ್ರೇನು?"

"ಹೂಂ."

"ನೀನೂ?"

ಅವಳು ಕಿಟಕಿಯ ಹೊರಗೆ ನೋಡುತ್ತಲೇ ಅಂದಳು: "ಅಂವ ಒಮ್ಮಿ ಅಂದಿದ್ದ. ಅಂವ ಯಾರೋ, ನಾ ಯಾರೋ. ಮರತಬಿಟ್ಟಿದ್ದೆ ನಾನು. ನೀ ಎಷ್ಟು ಸಲ ಅಂದೀಯೋ ಏನೋ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಮನೆಗೆ ಬಂದು ಸೀರೆ ಬದಲಿಸಿ ಒಲೆ ಹೊತ್ತಿಸಿದಳು. ನನ್ನ ಮುಂದೆ ತಾಟು ಇಟ್ಟು, ನಾನು ಸಾಕು ಎಂದೊಡನೆ ಬಡಿಸುವುದನ್ನು ನಿಲ್ಲಿಸಿದಳು. ಅಂದಿನಿಂದ ಇವತ್ತಿನವರೆಗೆ ಒಂದು ಸಲವೂ ಒತ್ತಾಯ ಮಾಡಿ ಬಡಿಸಿಲ್ಲ.

ಹದಿನೈದು ದಿನದ ಮೇಲೆ ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರು ದಾರಿಯಲ್ಲಿ ಸಿಕ್ಕರು. "ನಿಮ್ಮ ತಾಯಿಗೆ ಕೈಗೇನಾರ ಆಗೈತೇನ್ರಿ? ದಿನಾ ಸಹಿ ಮಾಡೋರು ಈಗ ಇಂಕಿನ ಡಬ್ಬಿ ಕೇಳಾಕ ಹತ್ಯಾರ," ಎಂದರು. ಏನೂ ಆಗಿಲ್ಲ ಎಂದೆ.

ಅಂದು ಸಂಜೆ ಅಂಗಡಿಯಿಂದ ಹೊಸ ನೋಟ್‌ಬುಕ್ಕು, ಪೆನ್ನು ತಂದು ಅವಳ ಮುಂದೆ ಕೂತೆ. ಏನೇನೋ ಹೇಳಿದೆ. ತಪ್ಪಾಯಿತು ಎಂದೆ, ಇನ್ನೆಂದೂ ಹೇಳುವುದಿಲ್ಲ ಎಂದೆ, ಒಂದು ಸಲ ಬರೆದು ತೋರಿಸು ಎಂದು ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಬಿಸಿ ಪಾತ್ರೆಯಿಂದ ಕೈ ತೆಗೆದ ಹಾಗೆ.

"ಯಾಕ?" ಎಂದಳು. "ಇನ್ನೊಂದು ಕಥಿ ಬೇಕಾಗೈತೇನು?"

ಮುಂದಿನ ವಾರ ನಾನು ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು, ಇವತ್ತು ಅವ್ವನ ಬಗ್ಗೆ ಒಂದು ನಿಜವಾದ ಸಂಗತಿ ಹೇಳುತ್ತೇನೆ ಎಂದೆ. ಎಲ್ಲರೂ ಮುಂದಕ್ಕೆ ಬಗ್ಗಿ ಕೂತರು. ಇದ್ದಿಲಿನಿಂದ ನೆಲದ ಮೇಲೆ ಬರೆಯುತ್ತಿದ್ದುದನ್ನು ಹೇಳಿದೆ. ಅಲ್ಲಿ ಇಬ್ಬರು ನಕ್ಕರು. ಒತ್ತಕ್ಷರಕ್ಕೆ ಉಸಿರು ಹಿಡಿಯುತ್ತಿದ್ದಳು ಎಂದೆ. ಎಲ್ಲರೂ ನಕ್ಕರು. "ನಗಬ್ಯಾಡ್ರಿ," ಎಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು, ಅದೂ ನನ್ನ ಆಟದ ಒಂದು ಭಾಗ ಎಂದುಕೊಂಡು. ಮೂರು ವರ್ಷ ನಾನೇ ಕಲಿಸಿದ್ದು. ಈ ಮನುಷ್ಯ ಅವ್ವ ಎಂದರೆ ನಗಬೇಕು ಎಂದು ಅವರಿಗೆ ಪಾಠವಾಗಿತ್ತು. ಗುಮಾಸ್ತನ ಮಾತು, ಸಾಲಿನವರ ನಗು, ಪೆನ್ನು ಕೆಳಗಿಟ್ಟದ್ದು ಎಲ್ಲವನ್ನೂ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಇನ್ನೂ ಹಲ್ಲು ಕಿರಿದು ಕಾಯುತ್ತಿದ್ದ, ಮುಂದೇನು ಎಂದು. ಮುಂದೇನೂ ಇರಲಿಲ್ಲ. ನನ್ನ ಮುಖ ನೋಡಿ ಒಬ್ಬೊಬ್ಬರಾಗಿ ಸುಮ್ಮನಾದರು. ನಾನು ಚಾಕ್‌ಪೀಸ್ ಇಟ್ಟು ಹೊರಗೆ ಬಂದೆ.

ನೀಲಗುಂದದ ಹುಡುಗಿ ಮಾತ್ರ ಆ ಭಾನುವಾರ ನಮ್ಮ ಮನೆ ಹುಡುಕಿಕೊಂಡು ಬಂದಳು. ಬಾಗಿಲಲ್ಲೇ ನಿಂತು, ಅವ್ವನ ಮುಂದೆ ಅಳತೊಡಗಿದಳು. "ನನಗ ಗೊತ್ತಿರಲಿಲ್ಲಮ್ಮ. ನಮ್ಮವ್ವನೂ ಹೆಬ್ಬೆಟ್ಟಿನಾಕಿನ. ಗೊತ್ತಿದ್ರ ಮಾಡ್ತಿರಲಿಲ್ಲ," ಎಂದಳು. ಅವ್ವ ಅವಳನ್ನು ಒಳಗೆ ಕರೆದು ಕೂರಿಸಿ, ತಲೆ ನೇವರಿಸಿದಳು.

"ನಿಂದೇನು ತಪ್ಪೈತಿ ತಂಗಿ? ನಿನಗ ಹೇಳಿದೋರು ಹೆಂಗ ಹೇಳ್ಯಾರೋ ಹಂಗ ಮಾಡಿದಿ. ಚಲೋ ಮಾಡ್ತಿ ಬಿಡು, ಥೇಟ್ ನನ್ನಂಗ ನಡದಿ."

ನಾನು ಅಲ್ಲೇ, ಎರಡು ಮಾರು ದೂರದಲ್ಲಿ ಕೂತಿದ್ದೆ. ನನ್ನತ್ತ ಯಾರೂ ನೋಡಲಿಲ್ಲ. ಅವರಿಬ್ಬರೂ ಸಂಜೆಯ ಬಸ್ಸಿನವರೆಗೆ ಮಾತಾಡಿದರು. ಶಾಲೆಯ ಮಕ್ಕಳದ್ದು, ಅಡುಗೆಯವರ ಜಗಳದ್ದು, ಯಾವುದೋ ಹುಡುಗಿ ಸಾರಿನಲ್ಲಿ ಬದನೆಕಾಯಿ ಎಣಿಸುವುದು. ಅವ್ವ ಅಷ್ಟು ಚಂದ ಮಾತಾಡುವುದನ್ನು ನಾನು ಆಮೇಲೆ ಕೇಳಿಲ್ಲ. ನಾನು ಒಳಗೆ ಬಂದರೆ ಅವಳ ಮಾತು ಸಣ್ಣದಾಗುತ್ತದೆ. ಎಲ್ಲಿಗೆ ಹೋಗಿದ್ದೆ ಎಂದರೆ ಊರಿನ ಹೆಸರು ಹೇಳುತ್ತಾಳೆ, ಏನಾಯಿತು ಎಂದರೆ ಏನೂ ಆಗಲಿಲ್ಲ ಎನ್ನುತ್ತಾಳೆ. ಅಪ್ಪ ತೀರಿಕೊಂಡಾಗ ಕೂಡ, ಕೊನೆಯ ದಿನ ಆಸ್ಪತ್ರೆಯಲ್ಲಿ ಅವನು ಅವಳಿಗೆ ಏನು ಹೇಳಿದ ಎಂಬುದನ್ನು ನನಗೆ ಹೇಳಲಿಲ್ಲ. ನಾನು ಕೇಳಿದೆ. "ಅದು ನನಗ ಹೇಳಿದ್ದು," ಎಂದಳು.

ತರಗತಿಯಲ್ಲಿ ನಗಿಸುವುದನ್ನು ಬಿಟ್ಟೆ. ಮತ್ತೆ ಸೇಬುಹಣ್ಣಿಗೆ ಬಂದೆ. ಕಿಟಕಿಯ ಹತ್ತಿರ ನಿಲ್ಲುತ್ತಿದ್ದವರು ಹೋದರು, ಆಮೇಲೆ ಒಳಗಿದ್ದವರೂ ತೆಳುವಾದರು. ಪ್ರಾಂಶುಪಾಲರು ಕರೆದು, "ಏನ್ರಿ ಸರ್, ಮೊದಲಿನ ಹಂಗಿಲ್ಲಲ್ಲ ನೀವು. ಮನ್ಯಾಗ ಏನಾರ ತೊಂದ್ರಿ ಐತೇನು?" ಎಂದು ಕೇಳಿದರು. ಇಲ್ಲ ಎಂದೆ. ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳು ತುಂಬುವ ಅಭಿಪ್ರಾಯದ ಹಾಳೆಗಳಲ್ಲಿ ಹಲವರು ಒಂದೇ ಮಾತು ಬರೆದಿದ್ದರು: ಸರ್ ಈಗ ಬೋರ್. ಮರುವರ್ಷ ಆ ಕೆಲಸ ಬೇರೆಯವರಿಗೆ ಹೋಯಿತು. ನನಗೆ ಹಡಗಲಿ ಕಡೆಯ ಒಂದು ಕಾಲೇಜಿನಲ್ಲಿ ಜಾಗ ಸಿಕ್ಕಿತು. ಅಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ. ಅಲ್ಲಿಯ ಹುಡುಗರಿಗೆ ನಾನು ಮುಖ ಗಂಟಿಕ್ಕಿದ ಮೇಷ್ಟ್ರು, ಅಷ್ಟೇ. ಪಾಠದ ನಡುವೆ ಎಷ್ಟೋ ಸಲ ನಗುವಿನ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗುತ್ತೇನೆ. ಹಾಸ್ಯವೇ ತಪ್ಪು ಎಂದು ನನಗೆ ಅನಿಸಿಲ್ಲ. ನನ್ನ ಕೈಯಲ್ಲಿ ಅದು ಯಾರ ಮೇಲೂ ಬೀಳುವುದಿಲ್ಲ ಎಂಬ ಭರವಸೆ ಹೋಗಿದೆ.

ಹೋದ ವರ್ಷ ಪರೀಕ್ಷೆಯ ಕೆಲಸದ ಮೇಲೆ ಕೂಡ್ಲಿಗಿಗೆ ಹೋಗಿದ್ದೆ. ಮುಗಿಸಿ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಒಬ್ಬ ಯುವಕ ಬಂದು ಕಾಲು ಮುಟ್ಟಿದ. ಕೊಟ್ಟೂರು ಕಡೆಯ ಕಾಲೇಜಿನ ಹಳೆಯ ವಿದ್ಯಾರ್ಥಿ, ಆ ನಾಟಕಕ್ಕೆ ಮೊದಲೇ ಓದು ಮುಗಿಸಿ ಹೋದವನು. ಎಂಎ ಮುಗಿಸಿ ಈಗ ಅವನೂ ಅತಿಥಿ ಉಪನ್ಯಾಸಕ. ಒತ್ತಾಯ ಮಾಡಿ ಚಹಾ ಕುಡಿಸಿದ.

"ನಿಮ್ಮಿಂದ ಕಲತಿದ್ದು ಸರ್ ಎಲ್ಲ. ನನ್ನ ಕ್ಲಾಸಿಗೆ ಜಾಗ ಸಿಗಂಗಿಲ್ಲ. ಅವಕಾಶ ವೆಚ್ಚ ಬಂದ್ರ ಆ ರಂಗೋಲಿದು ಹೇಳೇಬಿಡ್ತೀನಿ."

ನಾನು ಚಹಾದ ಲೋಟ ಕೆಳಗಿಟ್ಟೆ.

"ನಿಮ್ಮ ತಾಯಿ ಅಂತ ಹೇಳಂಗಿಲ್ಲ ಸರ್ ಮತ್ತ," ಎಂದು ಅವನೇ ಸಮಾಧಾನ ಹೇಳಿದ. "ನಮ್ಮವ್ವ ಅಂತನ ಹೇಳ್ತೀನಿ. ಹಂಗ ಅಂದ್ರ ನಗು ಜಾಸ್ತಿ ಬರತೈತಿ."

"ನಿಮ್ಮವ್ವಗ ಸಹಿ ಬರಂಗಿಲ್ಲೇನು?"

"ಏ ಸರ್!" ಎಂದು ನಕ್ಕ. "ನಮ್ಮವ್ವ ಹೈಸ್ಕೂಲ್ ಟೀಚರ್ ಅದಾರ."

"ಹಂಗಾದ್ರ ಯಾಕ ಹೇಳ್ತಿ?"

"ಜೋಕ್ ಅಲ್ಲೇನ್ರಿ ಸರ್ ಅದು."

ಬಿಟ್ಟುಬಿಡು, ಅದನ್ನು ಹೇಳಬೇಡ ಎಂದೆ. ಯಾಕೆ ಎಂದು ಕೇಳಿದ. ಅಲ್ಲಿ ನಿಂತುಕೊಂಡೇ ಹೇಳಬೇಕೆಂದಿದ್ದೆ, ಬಾಯಿ ತೆರೆದೆ. ಹೇಳಬೇಕೆಂದರೆ ಅವ್ವನ ಕಥೆಯನ್ನು ಇನ್ನೊಮ್ಮೆ ಹೇಳಬೇಕಿತ್ತು, ಬಸ್ ನಿಲ್ದಾಣದಲ್ಲಿ, ಅವಳನ್ನು ಕೇಳದೆ. ಅವನು ಮುಖದ ತುಂಬ ನಗು ಇಟ್ಟುಕೊಂಡು ಕಾಯುತ್ತಿದ್ದ. ಅಷ್ಟರಲ್ಲಿ ಹರಪನಹಳ್ಳಿಯ ಬಸ್ಸು ಬಂತು. ಅವನೇ ಓಡಿ ಹೋಗಿ ಕಿಟಕಿಯಿಂದ ಕರವಸ್ತ್ರ ಹಾಕಿ ನನಗೊಂದು ಸೀಟು ಹಿಡಿದುಕೊಟ್ಟ.